ಹೆಬ್ಬೆಟ್ಟು

ಅಮ್ಮ ಹೆಬ್ಬೆಟ್ಟಲ್ಲ. ಐದನೆಯ ತನಕ ಓದಿದವಳು.
ವಾರಿಜ ಎಂದು ಬರೆದು ಅಡಿಗೊಂದು ಗೆರೆ ಎಳೆಯುತ್ತಾಳೆ,
ಗೆರೆಯ ಕೊನೆಗೆ ಎರಡು ಚುಕ್ಕೆ.
ಕುಳೂರಿನ ಸೊಸೈಟಿಯ ಮಿಷನ್ನಿಗೆ ಸಹಿ ಬೇಡ,
ಬೆರಳೇ ಬೇಕು.
ಒರೆಸಿ ಇಡಿ ಅಂದರು, ಇಟ್ಟಳು.
ಎಡಗೈಯದ್ದು ಇಡಿ ಅಂದರು, ಇಟ್ಟಳು.
ಕೆಂಪು ದೀಪ. ಮತ್ತೆ ಕೆಂಪು ದೀಪ.
ಬೀಜದ ಫ್ಯಾಕ್ಟರಿಯವರು ಕೊನೆಗೆ ನಿಲ್ಲಬೇಕಪ್ಪ,
ಹಿಂದಿನಿಂದ ಯಾರೋ ಗೊಣಗಿದರು.
ಇಪ್ಪತ್ತು ವರ್ಷ ಗೇರುಬೀಜ ಒಡೆದ ಬೆರಳು;
ಸೊನೆ ತಿಂದು ಬಿಟ್ಟದ್ದು
ನುಣ್ಣಗಿನ ಒಂದಿಷ್ಟು ಜಾಗ.

ನನ್ನ ಕೊನೆಯ ವರ್ಷದ ಕೆಲಸಕ್ಕೆ ವಿಷಯ ಸಿಕ್ಕಿತೆಂದು
ಅಲ್ಲೇ, ಆ ಸಾಲಿನಲ್ಲೇ, ಹೊಳೆಯಿತು.
ಅಮ್ಮ ಅಕ್ಕಿಯಿಲ್ಲದ ಚೀಲ ಮಡಚುತ್ತಿದ್ದಳು.
ನಾನು ಮುಖ ತಿರುಗಿಸಿದೆ.

ಹಂಪನಕಟ್ಟೆಯಲ್ಲಿ ಇದಿನಬ್ಬರ ನೂಲಿನಂಗಡಿ.
ಬೂದಿ ಬಣ್ಣ ಬೇಕು ಎಂದೆ.
ಯಾವ ಬೂದಿ? ಸೌದೆಯದ್ದಾ, ತೆಂಗಿನ ಗರಿಯದ್ದಾ,
ಸಿಗರೇಟಿನದ್ದಾ?
ಬೀಜ ಒಡೆಯುವ ಮೊದಲು ಅಂಗೈಗೆ ಬಳಿಯುವ ಬೂದಿ
ಎನ್ನಲು ಬಾಯಿ ಬರಲಿಲ್ಲ.
ಏಳು ಲಡಿ ಹರಡಿದರು. ನಾಲ್ಕನೆಯದ್ದು ತಂದೆ.

ಶಾಯಿ ಹಚ್ಚಿ ಅಮ್ಮನ ಬೆರಳು ಒತ್ತಿಸಿದ್ದೆ:
ಬಂಗುಡೆಯ ಕಣ್ಣಿನ ಹಾಗೆ ಬರೀ ಕಪ್ಪು.
ಹೊಲಿಯಲಿಕ್ಕೆ ಒಂದು ಗೆರೆಯಿಲ್ಲ.
ಹಾಗಾಗಿ ನನ್ನದನ್ನೇ ದೊಡ್ಡದು ಮಾಡಿದೆ,
ಎರಡು ಗಜ ಬಿಳಿ ಹತ್ತಿಯ ಮೇಲೆ, ಬಾಗಿಲಷ್ಟು ಎತ್ತರ.
ಮಗಳ ಸುಳಿಯಲ್ಲಿ ತಾಯಿಯದ್ದು
ಎಲ್ಲಾದರೂ ಇರಲೇಬೇಕಲ್ಲ.
ಮೂವತ್ತೆಂಟು ರಾತ್ರಿ. ಎರಡು ಸೂಜಿ ಮುರಿದವು.

ರೊವೀನಾ ಮೇಡಂ ಕನ್ನಡಕ ಹಣೆಗೇರಿಸಿ ನೋಡಿದರು.
ಚಂದ ಉಂಟು. ಆದರೆ ಇದು ಯಾರದ್ದು?

ಮನೆಗೆ ತಂದೆ. ಅಮ್ಮ ಮೊದಲು ಹಿಂಬದಿ ತಿರುವಿದಳು.
ಗಂಟು ಜಾಸ್ತಿಯಾಯಿತು, ಎಂದಳು.
ಆಮೇಲೆ ಮುಂಬದಿ.
ಇದು ನಿಂದಲ್ವಾ? ನಂದು ಹೀಗಿರಲಿಲ್ಲ.
ಹೇಗಿತ್ತು?
ಯಾರಿಗೆ ಗೊತ್ತು ಮಾರಾಯ್ತಿ,
ಬೆರಳು ನೋಡಿ ಕೂತುಕೊಳ್ಳಲಿಕ್ಕೆ ಪುರುಸೊತ್ತೆಲ್ಲಿತ್ತು!

ನಾನು ಕತ್ತರಿ ತೆಗೆದೆ.
ಕೊಡಿಲ್ಲಿ, ಬಟ್ಟೆ ಹರಿಯುತ್ತಿ, ಎಂದಳು.
ಈಗೆರಡು ವರ್ಷದಿಂದ ಸಿಪ್ಪೆ ತೆಗೆಯುವ ವಿಭಾಗ ಅವಳದ್ದು.
ತೆಳು ಸಿಪ್ಪೆ ಏಳಬೇಕು, ಬೀಜಕ್ಕೆ ಗಾಯವಾಗಬಾರದು,
ತುಂಡಾದರೆ ರೇಟಿಲ್ಲ.
ಅದೇ ಮೊಂಡು ಚೂರಿಯ ತುದಿಯಲ್ಲಿ
ಒಂದೊಂದೇ ಹೊಲಿಗೆ ಎಬ್ಬಿಸಿದಳು,
ನೂಲಿಗೆ ತಾನು ಬಿಡಿಸಿಕೊಂಡೆನೆಂಬುದೇ ತಿಳಿಯದ ಹಾಗೆ.
ರಾತ್ರಿ ಎರಡಕ್ಕೆ ಮುಗಿಯಿತು.
ಹೊರಗೆ ಹೆದ್ದಾರಿಯಲ್ಲಿ ಲಾರಿಗಳು.
ಬಟ್ಟೆ ಎತ್ತಿ ಹಿಡಿದೆ, ಹಿಂದೆ ಬಲ್ಬು:
ಗೆರೆಯಿದ್ದಲ್ಲೆಲ್ಲ
ಸೂಜಿ ಹೋಗಿ ಬಂದ ತೂತುಗಳು, ಸಾವಿರಾರು,
ಬೆಳಕು ಸೋರುತ್ತಾ.

ಹಾಗೆಯೇ ನೇತು ಹಾಕಿದೆವು.
ಹಾಲಿಗೆ ಬಂದವರು ಕೆಲವರು ಹತ್ತಿರ ಹೋಗಿ
ಏನೂ ಇಲ್ಲವಲ್ಲ ಎಂದು ಮುಂದೆ ಹೋದರು.
ಒಂದು ಮಗು ಕಿರುಬೆರಳು ತೂರಿಸಲು ನೋಡಿ
ಬೈಗುಳ ತಿಂದಿತು.
ಚೀಟಿಯಲ್ಲಿ ಬರೆದಿತ್ತು: ಹತ್ತಿ ಬಟ್ಟೆ, ಬಿಚ್ಚಿದ ಹೊಲಿಗೆ.
ಅದರ ಕೆಳಗೆ ಇಬ್ಬರ ಹೆಸರು.
ಅಮ್ಮ ಓದಿದಳು, ಏನೂ ಹೇಳಲಿಲ್ಲ.
ಬಾಗಿಲಲ್ಲಿದ್ದ ಪುಸ್ತಕದಲ್ಲಿ ಮಾತ್ರ ನಿಂತು, ಪೆನ್ನು ಒದರಿ,
ವಾರಿಜ ಎಂದು ಬರೆದಳು.
ಗೆರೆ. ಎರಡು ಚುಕ್ಕೆ.

ಬಸ್ಸು ಕೊಟ್ಟಾರ ದಾಟಿದ ಮೇಲೆ ಕೇಳಿದಳು,
ಆ ಬಿಚ್ಚಿದ ನೂಲು ಬಿಸಾಡಿದೆಯಾ?
ಇಲ್ಲ, ರಟ್ಟಿಗೆ ಸುತ್ತಿಟ್ಟಿದ್ದೇನೆ.
ಒಳ್ಳೆದಾಯಿತು.
ಸೊಸೈಟಿ ಚೀಲದ ಕೈ ಒಂದು ಕಿತ್ತಿದೆ.